ಕುಡಿಯುವವನ ಎದೆ ನಮ್ಮ ಮನೆಗೆ ಬಂದದ್ದು

ನನ್ನ ಎದೆಯೊಳಗೆ ಈಗ ಬಡಿದುಕೊಳ್ಳುತ್ತಿರುವ ಹೃದಯ ನನ್ನದಲ್ಲ. ಇದನ್ನು ಹೇಳಿದರೆ ಹೊಸಬರು ಒಂದು ಗಳಿಗೆ ಬಾಯಿ ತೆರೆದುಕೊಂಡು ನೋಡುತ್ತಾರೆ, ಆಮೇಲೆ ಅವರ ಕಣ್ಣು ಮೆಲ್ಲಗೆ ನನ್ನ ಅಂಗಿಯ ಗುಂಡಿಗಳ ಮೇಲೆ ಇಳಿಯುತ್ತದೆ. ನಮ್ಮ ಹೂವಿನಹಡಗಲಿಯಲ್ಲಿ ಮಾತ್ರ ಯಾರೂ ಹಾಗೆ ನೋಡುವುದಿಲ್ಲ. ಅವರಿಗೆ ಎಲ್ಲ ಗೊತ್ತು. ನನಗೆ ಗೊತ್ತಿಲ್ಲದ್ದೂ ಗೊತ್ತು. ನಾನು ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಡುವ ಮೊದಲೇ "ಮಲ್ಲಿಗಿ ಸಾವ್ಕಾರಗ ಕುಡುಕನ ಎದಿ ಹಾಕ್ಯಾರಂತ" ಎಂಬ ಸುದ್ದಿ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಚಹಾ ಕುಡಿದು, ಓಣಿ ಓಣಿ ತಿರುಗಿ ಬಂದಿತ್ತು.

ಸಾವ್ಕಾರ ಎಂಬುದು ಬರೀ ಚೇಷ್ಟೆಯ ಮಾತು. ನಾನು ಹೂವಿನ ವ್ಯಾಪಾರಿ. ತೋಟದವರು ತರುವ ಮಲ್ಲಿಗೆ ಮೊಗ್ಗನ್ನು ಕೊಂಡು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಯ ಬಸ್ಸುಗಳಿಗೆ ಹಾಕಿ ಕಳಿಸುವವನು. ಮೊಗ್ಗು ಬಸ್ಸಿಗಾಗಿ ಕಾಯುತ್ತದೆ, ಬಸ್ಸು ಮೊಗ್ಗಿಗಾಗಿ ಕಾಯುವುದಿಲ್ಲ. ಹೀಗಾಗಿ ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ನನ್ನಿಂದ ಬೈಸಿಕೊಳ್ಳದ ಕಂಡಕ್ಟರ್ ಈ ಸೀಮೆಯಲ್ಲಿ ಇಲ್ಲ.

ನಮ್ಮದು ಶಿವಪೂಜೆಯ ಮನೆ. ಕುಡಿತ ಹಾಗಿರಲಿ, ಅದರ ಹೆಸರೂ ಹೊಸ್ತಿಲು ದಾಟಿದ್ದಿಲ್ಲ. ನಮ್ಮ ಅವ್ವ ಸಾರಾಯಿ ಅಂಗಡಿ ಇರುವ ರಸ್ತೆ ತಪ್ಪಿಸಲು ಸುತ್ತಿ ಬಳಸಿ ಸಂತೆಗೆ ಹೋಗುವವಳು. ಇಂಥ ಮನೆಯಲ್ಲಿ ಹುಟ್ಟಿದ ನನಗೆ ಒಂದು ಹಾಳು ಜ್ವರ ಬಂತು. ಬಂದ ಜ್ವರ ಹೋಯಿತು, ಹೋಗುವಾಗ ಹೃದಯವನ್ನು ಹಿಗ್ಗಿಸಿ ಸಡಿಲ ಮಾಡಿಟ್ಟು ಹೋಯಿತು. ಒಂದು ಗಂಟು ಮೊಗ್ಗು ಎತ್ತಿದರೆ ಏದುಸಿರು. ಮಲಗಿದರೆ ಉಸಿರು ಸಿಗುವುದಿಲ್ಲ, ಕೂತೇ ನಿದ್ದೆ. ಮಾತ್ರೆಗಳಿಂದ ಇನ್ನು ಆಗುವುದಿಲ್ಲ, ಬೇರೆ ಹೃದಯವೇ ಹಾಕಬೇಕು ಎಂದು ಬೆಂಗಳೂರಿನ ಡಾಕ್ಟರರು ಹೇಳಿದಾಗ ಅವ್ವ, "ಬ್ಯಾರೆ ಅಂದ್ರ? ಎಲ್ಲಿ ಮಾರ್ತಾರ?" ಎಂದು ಕೇಳಿದ್ದಳು.

ಮುಂದಿನದನ್ನು ನಾನು ಕಂಡಿಲ್ಲ, ಹೆಂಡತಿ ಹೇಳಿದ್ದು. ಅವಳು ಹಗರಿಬೊಮ್ಮನಹಳ್ಳಿಯವಳು, ಕಂಡದ್ದಕ್ಕೆ ಒಂದಿಷ್ಟು ಒಗ್ಗರಣೆ ಹಾಕಿಯೇ ಹೇಳುತ್ತಾಳೆ, ಆದರೆ ಇದರಲ್ಲಿ ಹಾಕಿಲ್ಲ ಎಂದು ಆಣೆ ಮಾಡಿದ್ದಾಳೆ. ಬೆಂಗಳೂರಲ್ಲೇ ಕೋಣೆ ಹಿಡಿದು ಕಾದಿದ್ದ ನಾವೆಲ್ಲ ಆಸ್ಪತ್ರೆಯಿಂದ ಫೋನು ಬಂದು ಓಡಿದ ದಿನ, ನನ್ನನ್ನು ಒಳಗೆ ಕರೆದೊಯ್ದ ಮೇಲೆ, ಡಾಕ್ಟರು ಅತ್ತೆ ಸೊಸೆಯನ್ನು ಕೂರಿಸಿಕೊಂಡರಂತೆ.

"ನಿಮಗೆ ಒಂದು ವಿಷಯ ತಿಳಿಸಲೇಬೇಕು. ಚಿಕ್ಕ ವಯಸ್ಸಿನವರು, ಅಪಘಾತ. ಮಿದುಳು ಪೂರ್ತಿ ಸತ್ತಿದೆ. ಮನೆಯವರು ಹೃದಯ ಕೊಡೋಕೆ ಒಪ್ಪಿದ್ದಾರೆ. ಆದರೆ ಅವರು ಕುಡೀತಿದ್ರಂತೆ."

ಅವ್ವ ನೆಟ್ಟಗೆ ಕೂತಳಂತೆ. "ಕುಡೀತಿದ್ನಾ?"

"ಹೌದಮ್ಮ. ತುಂಬ ವರ್ಷ ವಿಪರೀತ ಕುಡಿದ್ರೆ ಹೃದಯಾನೂ ಸೊರಗುತ್ತೆ. ಅದಕ್ಕೇ ಸ್ಕ್ಯಾನ್ ಮಾಡಿ, ರಕ್ತನಾಳ ಎಲ್ಲ ನೋಡಿದ್ದೀವಿ. ಈ ಹೃದಯ ಚೆನ್ನಾಗಿದೆ, ಗಟ್ಟಿಯಾಗಿದೆ. ಕೆಟ್ಟಿದ್ರೆ ನಾವೇ ಬೇಡ ಅಂತಿದ್ವಿ. ನಿಮ್ಮ ಒಪ್ಪಿಗೆ ಬೇಕು."

"ಒಂದು ಹನಿ ಮುಟ್ಟದ ನನ್ನ ಮಗನ ಎದಿ ಕೆಟ್ಟೈತಿ, ಕುಡಿಯಾವನ ಎದಿ ಗಟ್ಟಿ ಐತಿ. ಇದ್ಯಾವ ನ್ಯಾಯ ಶಿವನ?" ಎಂದು ಅವ್ವ ಗೋಡೆಯ ಕಡೆ ನೋಡಿ ಕೇಳಿ, ಮತ್ತೆ ಡಾಕ್ಟರ ಕಡೆ ತಿರುಗಿದಳು. "ದಿನಾ ಕುಡೀತಿದ್ನೋ, ಹಬ್ಬ ಹುಣ್ಣಿವಿಗೋ?"

"ಅಷ್ಟೆಲ್ಲ ಹೇಳೋ ಹಾಗಿಲ್ಲಮ್ಮ."

"ಅತ್ತೀ, ಹೊತ್ತಿಲ್ರಿ," ಎಂದು ನನ್ನ ಹೆಂಡತಿ ಅವ್ವನ ಕೈ ಅದುಮಿದಳು. ಅವ್ವ ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಕಣ್ಣು ತೆರೆದು ಹೇಳಿದಳು: "ಹಾಕ್ರಿ. ಆದ್ರ ತೊಳದು ಹಾಕ್ರಿ."

ಡಾಕ್ಟರು ನಕ್ಕರಂತೆ. "ತೊಳೆದೇ ಹಾಕ್ತೀವಿ ಅಮ್ಮ."

ಹೀಗೆ, ತೊಳೆದ ಎದೆಯನ್ನು ಹೊತ್ತು ನಾನು ಊರಿಗೆ ಬಂದೆ. ಬಂದವನಿಗೆ ಕಟ್ಟುಪಾಡುಗಳ ಮೇಲೆ ಕಟ್ಟುಪಾಡು. ಹೊಸ ಹೃದಯವನ್ನು ಮೈ ಹೊರದಬ್ಬಬಾರದೆಂದು ಮಾತ್ರೆ ಕೊಡುತ್ತಾರೆ. ಆ ಮಾತ್ರೆಯಿಂದ ಮೈಗೆ ಯಾವ ಸೋಂಕನ್ನೂ ತಡೆಯುವ ಶಕ್ತಿ ಇರುವುದಿಲ್ಲ. ಆದ್ದರಿಂದ ಜನ ಬೇಡ, ಮಣ್ಣು ಬೇಡ, ಹಸಿ ತರಕಾರಿ ಬೇಡ, ಹೂವಂತೂ ಬೇಡವೇ ಬೇಡ. ಹೂವಿನಹಡಗಲಿಯ ಹೂವಿನ ವ್ಯಾಪಾರಿಗೆ ಹೂವು ಬೇಡ! ವ್ಯಾಪಾರ ಹೆಂಡತಿಯ ಕೈಗೆ ಹೋಯಿತು. ಅವಳು ಕಂಡಕ್ಟರುಗಳನ್ನು ಬೈಯದೆ, "ಅಣ್ಣಾ, ಚೂರು ನೋಡಿ ಇಡ್ರಿ" ಎಂದು ನಕ್ಕು ಮಾತಾಡಿ, ನನಗಿಂತ ಚೆನ್ನಾಗಿ ನಡೆಸಿದಳು. ಅದು ನೋಡಿ ನನಗೆ ಒಂದಿಷ್ಟು ಹೊಟ್ಟೆಕಿಚ್ಚು. ಮನೆಗೆ ಬಂದವಳೇ ಸ್ನಾನ ಮಾಡಿ, ತಲೆಯ ಮಲ್ಲಿಗೆಯನ್ನು ಪಕ್ಕದ ಮನೆಯವಳ ತಲೆಗೆ ಮುಡಿಸಿ, ಆಮೇಲೆ ಒಳಗೆ ಕಾಲಿಡುತ್ತಿದ್ದಳು.

ಆಪರೇಷನ್ನಿಗೆ ತೆಗೆದಿಟ್ಟಿದ್ದ ನನ್ನ ಲಿಂಗವನ್ನು ಅವ್ವ ಮೊದಲ ಸೋಮವಾರ ಮತ್ತೆ ಕೊರಳಿಗೆ ಕಟ್ಟಿದಳು. ಕಟ್ಟಿ, ಎದೆಯ ಉದ್ದಕ್ಕೂ ಇದ್ದ ಹೊಲಿಗೆಯ ಪಕ್ಕ ಬಾಯಿ ತಂದು, "ನೋಡು, ಇದು ಶಿವ ಕುಂದ್ರೊ ಜಾಗ. ಇಲ್ಲೆ ಇದ್ದಮ್ಯಾಲ ನಮ್ಮ ಮನಿ ರೀತಿಲಿಂದ ಇರಬೇಕು" ಎಂದು ಹೇಳಿದಳು. ನನಗಲ್ಲ, ಅದಕ್ಕೆ.

ಅದು ಕೇಳಲಿಲ್ಲ. ಮೊದಲನೆಯದಾಗಿ ಅದು ಸುಮ್ಮನೆ ಕೂತಾಗಲೂ ಓಡುತ್ತಿತ್ತು. ನನ್ನ ಹಳೆಯದು ಎಮ್ಮೆಯ ಹಾಗೆ ನಡೆಯುತ್ತಿದ್ದರೆ, ಇದು ಹಗ್ಗ ಹರಿದ ಕರು. ಇನ್ನೊಂದು ವಿಚಿತ್ರ, ಸಿಟ್ಟು. ಮೊದಲೆಲ್ಲ ಸಿಟ್ಟು ಬಂದರೆ ಎದೆ ಡವಡವ ಎನ್ನುತ್ತಿತ್ತು, ಬಾಯಿ ಬೈಯುತ್ತಿತ್ತು, ಎರಡೂ ಕೂಡಿಯೇ ನಡೆಯುತ್ತಿದ್ದವು. ಈಗ ಬಾಯಿ ಬೈದು ಮುಗಿಸಿ, ಹೆಂಡತಿ ತಿರುಗಿ ಬೈದು ಮುಗಿಸಿ, ಇಬ್ಬರೂ ನಕ್ಕು ಊಟಕ್ಕೆ ಕೂತ ಮೇಲೆ ಎದೆ ಡವಡವ ಶುರು ಮಾಡುತ್ತಿತ್ತು. ಜಗಳದ ಮನೆಗೆ ಹೊತ್ತು ಮೀರಿ ಬಂದು "ಏನಾತ್ರಿ, ಏನಾತು?" ಎಂದು ಕೇಳುವ ನೆಂಟನ ಹಾಗೆ.

ಅದರ ಜೊತೆಗೆ ಕೈನಡುಕ. ಚಹಾದ ಬಸಿ ಹಿಡಿದರೆ ಕಪ್ಪು ಗಲಗಲ ಎನ್ನುವುದು. ಮತ್ತೆ ಹಸಿವು, ಎಂಥಾ ಹಸಿವು! ಸಂಜೆಯಾದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬೇಕೇ ಬೇಕು ಎಂದು ಜೀವ ಬಾಯಿ ಬಾಯಿ ಬಿಡುತ್ತಿತ್ತು. ಹೊರಗಿನದು ತಿನ್ನುವಂತಿಲ್ಲ ಎಂದು ಹೆಂಡತಿ ಮನೆಯಲ್ಲೇ ಕರಿದು ಕೊಡುತ್ತಿದ್ದಳು. ಡಾಕ್ಟರು ಊರಿಗೆ ಕಳಿಸುವಾಗ ಇದನ್ನೆಲ್ಲ ಬಿಡಿಸಿ ಹೇಳಿದ್ದರಂತೆ. ಆಗ ನನ್ನ ತಲೆಯಲ್ಲಿ ಊರು ತುಂಬಿತ್ತು, ಒಂದು ಮಾತೂ ಒಳಗೆ ಹೋಗಿರಲಿಲ್ಲ.

ಹೀಗಿರುವಾಗ ನನ್ನ ಗೆಳೆಯ ಬಂದ. ಗುಡೇಕೋಟೆಯ ಕಡೆಯವನು, ಕುರಿ ಕಾಯುವ ಮನೆತನ, ಕೂಡ್ಲಿಗಿಯ ಹಾಸ್ಟೆಲಿನಲ್ಲಿ ನನ್ನ ಜೊತೆ ಓದಿದವನು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದವನನ್ನು ಹೆಂಡತಿ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಮೂಗಿಗೆ ಮಾಸ್ಕ್ ಕಟ್ಟಿಸಿದಳು. ಅವನು ಅದನ್ನು ಗದ್ದಕ್ಕೆ ಇಳಿಸಿದ. ನಾನು ಒಳಗೆ ಕಿಟಕಿಯ ಪಕ್ಕ ಕೂತು ಚಹಾ ಎತ್ತಿದೆ.

"ಲೇ ದೋಸ್ತ, ಕೈ ಯಾಕಲೇ ಹಂಗ ನಡುಗಾಕತ್ತಾವ?"

"ಏನೋಪ್ಪ. ಗುಳಿಗಿ ಇರಬೇಕು."

"ಗುಳಿಗಿ ಅಲ್ಲೋ ಮಾರಾಯ! ನಮ್ಮ ಸಣ್ಣ ಕಾಕನ ಕೈ ಮುಂಜಾನೆದ್ರ ಹಿಂಗ ನಡುಗ್ತಿದ್ವು. ಒಂದು ಗುಟುಕು ಬಿತ್ತಂದ್ರ ಗಪ್ಪನ ನಿಂತು ಬಿಡ್ತಿದ್ವು. ಎದಿ ಹೆಂಗೈತಿ?"

"ಓಡ್ತಿರತೈತಿ ನೋಡು, ಹಗಲೂ ರಾತ್ರಿ."

"ಹುಡಿಕ್ಯಾಡಾಕತ್ತೈತಿ ಅದು!" ಎಂದು ಅವನು ತೊಡೆ ತಟ್ಟಿ ನಕ್ಕ. "ಸಂಜಿಕ ಮಿರ್ಚಿ ಬೇರೆ ಕೇಳ್ತೀಯಂತ. ಪಾಪ, ನಂಜಿಕೊಳ್ಳಾಕ ಕೊಟ್ಟು ಅಸಲು ಮಾಲು ಕೊಡಲಿಲ್ಲಂದ್ರ ಅದರ ಗತಿ ಏನಪ್ಪ?"

ನಾನೂ ನಕ್ಕೆ. ನಕ್ಕು ಹೊಟ್ಟೆ ಹಿಡಿದುಕೊಂಡೆ. ಅಲ್ಲಿಗೇ ಅವನು ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮಾತಿನ ಭರದಲ್ಲಿ ಮುಂದುವರಿಸಿದ: "ಖರೇ ಹೇಳ್ತೀನಿ, ನಮ್ಮ ಕಾಕ ದೇವಿ ಮುಂದ ಆಣಿ ಮಾಡಿ ಒಮ್ಮಿಗೇ ಬಿಟ್ಟ. ವಾರ ಆಗಿರಲಿಲ್ಲ, ಹೋಗೇ ಬಿಟ್ಟ. ರೂಢಿ ಇದ್ದಿದ್ದು ಸಿಗಲಿಲ್ಲಂದ್ರ ಎದಿ ನಿಂತು ಬಿಡ್ತೈತೋ."

ಅವನಿಗೆಂದು ಇನ್ನೊಂದು ಕಪ್ಪು ಚಹಾ ಹಿಡಿದು ಅವ್ವ ಬಾಗಿಲಲ್ಲಿ ನಿಂತಿದ್ದಳು. ಚಹಾ ಕೊಟ್ಟು ಒಳಗೆ ಹೋದಳು.

ಅಂದಿನಿಂದ ಅವ್ವ ಬೇರೆಯೇ ಆದಳು. ನಾನು ಚಹಾ ಎತ್ತಿದರೆ ಮುಖ ನೋಡುವುದು ಬಿಟ್ಟು ಬೆರಳು ನೋಡುತ್ತಿದ್ದಳು. ಮಧ್ಯಾಹ್ನ ನಾನು ಮಲಗಿದಾಗ ಮೆಲ್ಲಗೆ ಬಂದು ಎದೆಯ ಮೇಲೆ ಅಂಗೈ ಇಟ್ಟು ಕೂರುತ್ತಿದ್ದಳು. ನಾನು ನಿದ್ದೆಯ ಸೋಗು ಹಾಕಿ ಸುಮ್ಮನಿರುತ್ತಿದ್ದೆ. ಒಮ್ಮೆ ಅವಳು, "ಎಷ್ಟು ಚಡಪಡಸ್ತೈತಿ ಹಾಟ್ಯಾಂದು" ಎಂದು ತನ್ನಷ್ಟಕ್ಕೆ ಅಂದುಕೊಂಡಿದ್ದು ಕೇಳಿಸಿತು. ಓಣಿಯಲ್ಲೂ ಅದೇ ಮಾತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ, ನೀರಿಗೆ ಬಂದ ಹೆಂಗಸರೆಲ್ಲ ಒಮ್ಮೆಲೇ ಕುಡಿತ ಬಿಟ್ಟು ಸತ್ತವರ ಕಥೆಗಳನ್ನೇ ಅವ್ವನಿಗೆ ಹೇಳಿದರು. ನಾನು "ಹುಚ್ಚು ಮಾತು ಕೇಳಬ್ಯಾಡಬೇ" ಎಂದು ಗದರಿದೆ. ಗದರುವುದೇನೋ ಗದರಿದೆ. ಆದರೆ ಸುಳ್ಳು ಯಾಕೆ ಹೇಳಲಿ, ಒಬ್ಬನೇ ಇದ್ದಾಗ ನಾನೂ ನನ್ನ ಬೆರಳು ಚಾಚಿ ನೋಡಿಕೊಳ್ಳುತ್ತಿದ್ದೆ. ಸಾಯುವ ಹೆದರಿಕೆ ಆಪರೇಷನ್ನಿಗಿಂತ ಮೊದಲು ಇಷ್ಟಿರಲಿಲ್ಲ. ಬದುಕು ಕೈಗೆ ಬಂದ ಮೇಲೆ ಹೆಚ್ಚಾಯಿತು.

ಒಂದು ದಿನ ಅವ್ವ, "ಕೊಟ್ಟೂರಿಗೆ ಹೋಗಿ ಬರ್ತೀನಿ, ಗುರುವಿಗೆ ಹರಕಿ ಹೇಳಿಕೊಂಡೀನಿ" ಎಂದು ಹಿತ್ತಾಳೆಯ ತೀರ್ಥದ ಗಿಂಡಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಸಂಜೆ ಬರಬೇಕಾದವಳು, ಬಸ್ಸು ತಪ್ಪಿತೆಂದು ಫೋನು ಮಾಡಿಸಿ ಮರುದಿನ ಬಂದಳು.

ಅವಳು ಕೊಟ್ಟೂರಿನಲ್ಲಿ ಇಳಿದಿರಲೇ ಇಲ್ಲ. ಇದು ಆಮೇಲೆ ಗೆಳೆಯನೇ ಹೇಳಿ ಗೊತ್ತಾದದ್ದು. ಕೂಡ್ಲಿಗಿಗೆ ಹೋಗಿ, ಅಲ್ಲಿಂದ ಗುಡೇಕೋಟೆಯ ಬಸ್ಸು ಹಿಡಿದು, ಕೇಳುತ್ತಾ ಕೇಳುತ್ತಾ ಗೆಳೆಯನ ಮನೆಯ ಮುಂದೆ ಹೋಗಿ ನಿಂತಿದ್ದಳು. ನಾನೇ ಸತ್ತೆನೆಂದು ತಿಳಿದು ಅವನು ಕಂಬಳಿ ಬಿಸಾಕಿ ಓಡಿ ಬಂದನಂತೆ. ಅವರ ದೇವಿಗೆ ಸಾರಾಯಿಯ ಎಡೆ ಇಡುವುದು ಹಿಂದಿನಿಂದ ಬಂದ ಪದ್ಧತಿ. ಅವ್ವ ಅವನ ಮುಂದೆ ಸೆರಗೊಡ್ಡಿ ಹೇಳಿದಳಂತೆ: "ಅಂಗಡಿದು ನಾ ಮುಟ್ಟಂಗಿಲ್ಲಪ್ಪ. ನಿಮ್ಮ ದೇವಿ ಮುಂದ ಇಟ್ಟಿದ್ದು ಸಾರಾಯಿ ಅಲ್ಲ, ಪ್ರಸಾದ. ಅದರಾಗ ಒಂದೀಟು ಹಾಕು."

"ಯವ್ವಾ, ನಾ ಚ್ಯಾಷ್ಟಿ ಮಾಡಿದ್ದೆಬೇ!" ಎಂದು ಅವನು ಕಾಲು ಹಿಡಿದ. ಅವ್ವ ಕೇಳಬೇಕಲ್ಲ. "ನಿಮ್ಮ ಕಾಕ ಸತ್ತಿದ್ದು ಖರೇನೋ, ಚ್ಯಾಷ್ಟಿನೋ?" ಎಂದಳು. ಅದು ಖರೆಯೇ ಆಗಿತ್ತು. ಪ್ರಸಾದ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವರ ಮನೆಯಲ್ಲಿಲ್ಲ. ಕೊಟ್ಟ. ಕೊಟ್ಟ ಮೇಲೆ ನನಗೆ ಫೋನು ಮಾಡಲು ಅವನಿಗೆ ಧೈರ್ಯ ಬರಲಿಲ್ಲ.

ಬಂದ ದಿನವೇ, ಮಧ್ಯಾಹ್ನ, ನಾನು ಉಂಡು ಮಾತ್ರೆ ನುಂಗಲು ಕೂತಿದ್ದಾಗ ಅವ್ವ ಸ್ನಾನ ಪೂಜೆ ಮುಗಿಸಿ ಬೆಳ್ಳಿಯ ಚಮಚ ಹಿಡಿದು ಬಂದಳು. "ಬಾಯಿ ತಗಿ, ತೀರ್ಥ ಐತಿ." ಅವಳ ಹಣೆಯ ತುಂಬ ವಿಭೂತಿ. ಚಮಚ ಮೂಗಿನ ಹತ್ತಿರ ಬಂತು. ಗಬ್ಬೆಂದು ಹೊಡೆದ ವಾಸನೆಗೆ ನಾನು ಹಿಂದಕ್ಕೆ ಸರಿದ ರಭಸಕ್ಕೆ ಕುರ್ಚಿ ಗೋಡೆಗೆ ಬಡಿಯಿತು.

"ಯವ್ವಾ! ಇದೇನಬೇ ಇದು?"

ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ಅವ್ವನ ಮಣಿಕಟ್ಟು ಹಿಡಿದು ಮೂಸಿ ನೋಡಿದಳು. "ಅತ್ತೀ, ಏನ್ ಮಾಡಾಕತ್ತೀರಿ? ಆ ಗುಳಿಗಿ ಕೂಡ ಇದು ಹೊಟ್ಟಿಗಿ ಹೋದ್ರ ಏನಾಗತೈತಿ ಗೊತ್ತೇನ್ರಿ?"

"ಅವನಿಗಂತ ತಂದಿದ್ದಲ್ಲ," ಎಂದಳು ಅವ್ವ. ಖಾಲಿ ಇದ್ದ ಕೈಯಿಂದ ನನ್ನ ಎದೆ ತೋರಿಸಿದಳು. "ಅದಕ್ಕ ತಂದೀನಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಿನಗೆ ತಲೆ ಕೆಟ್ಟಿದೆ, ಲಿಂಗ ಕಟ್ಟಿಕೊಂಡು ಇಂಥದ್ದು ತರುತ್ತೀಯಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವ ಚಮಚ ತುಳುಕದ ಹಾಗೆ ಹಿಡಿದು ನಿಂತೇ ಇದ್ದಳು. ನನ್ನ ಬೈಗುಳ ಮುಗಿದ ಮೇಲೆ ಶಾಂತವಾಗಿ ಹೇಳಿದಳು: "ಒಂದ ಚಮಚ ಸಾಕು. ನಾಳಿಗೆ ಇದಕ್ಕಿಂತ ಕಮ್ಮಿ, ನಾಡಿದ್ದು ಅದಕ್ಕಿಂತ ಕಮ್ಮಿ. ಹಿಂಗ ಮಾಡಿಕೋತ ಬಿಡಿಸ್ತೀನಿ. ಬೇವು ಹಚ್ಚಿ ನಿನಗ ಮಲಿ ಬಿಡಿಸಿದಾಕಿ ನಾನು. ಇದಕ್ಕ ಬಿಡಸಾಕ ಬರಂಗಿಲ್ಲೇನು? ಒಮ್ಮಿಗೇ ಬಿಡಿಸಿದ್ರ ತಡಕೊಳ್ಳಂಗಿಲ್ಲಪ್ಪ ಅದು. ಅದು ನಿಂತ್ರ ನನಗ ಯಾರದಾರ?"

ಅವ್ವ ಇಷ್ಟು ವರ್ಷ ಕಾದುಕೊಂಡು ಬಂದ ಮಡಿಯನ್ನು ನನ್ನ ಜೀವಕ್ಕಾಗಿ ತಾನೇ ಕಿತ್ತೆಸೆದು ಬಂದು ನಿಂತಿದ್ದಾಳೆ. ಅವಳು ಹೇಳುವುದು ನಿಜವಿದ್ದರೆ? ಆ ಒಂದು ಗಳಿಗೆ ನಾನು ಚಮಚದ ಕಡೆ ಆಸೆಯಿಂದ ನೋಡಿದೆ. ಕುಡಿಯುವ ಆಸೆ ಅದಲ್ಲ.

"ಯಾರೂ ಏನೂ ಮಾಡಬ್ಯಾಡ್ರಿ, ಸುಮ್ಕ ನಿಂದರ್ರಿ," ಎಂದು ಹೆಂಡತಿ ಮೊಬೈಲು ತೆಗೆದು ಡಾಕ್ಟರಿಗೆ ಹಚ್ಚಿ, ನಮಗೆಲ್ಲ ಕೇಳುವಂತೆ ಇಟ್ಟಳು. ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದಳು. ಆ ಕಡೆ ಡಾಕ್ಟರು ಮೊದಲು ಕೇಳಿದ್ದು ಒಂದೇ, "ಒಳಗೆ ಹೋಯ್ತಾ?" ಇಲ್ಲ ಎಂದ ಮೇಲೆ ಅವರು ಉಸಿರು ಬಿಟ್ಟದ್ದು ನಮಗೂ ಕೇಳಿಸಿತು.

"ಅಮ್ಮ, ನಾನು ಹೇಳೋದು ಕೇಳಿ," ಎಂದರು. "ಕೈ ನಡುಗೋದು ಮಾತ್ರೆಯಿಂದ. ಹಸಿವೂ ಮಾತ್ರೆಯಿಂದ. ಹೃದಯ ತೆಗೆಯುವಾಗ ಅದರ ನರ ಕತ್ತರಿಸಿರ್ತೀವಿ. ನಿಧಾನ ಹೋಗು, ಜೋರಾಗಿ ಹೋಗು ಅಂತ ಹೇಳೋರು ಯಾರೂ ಇಲ್ಲ, ಅದಕ್ಕೇ ತನ್ನ ಪಾಡಿಗೆ ತಾನು ಬೇಗ ಹೊಡ್ಕೊಳ್ಳುತ್ತೆ. ಕುಡಿತದ ಚಟ ಇರೋದು ತಲೆಯಲ್ಲಿ, ಹೃದಯದಲ್ಲಲ್ಲ. ನಿಮ್ಮ ಮಗನ ತಲೆ ನಿಮ್ಮ ಮಗಂದೇ. ಹೃದಯಕ್ಕೆ ಏನೂ ಬೇಕಾಗಿಲ್ಲಮ್ಮ. ನೀವು ಅದನ್ನ ಕೊಟ್ರೇನೇ ಅಪಾಯ."

ಅವ್ವನ ಭುಜ ಇಳಿಯಿತು. ಬದುಕಿದೆಯಾ ಬಡಜೀವವೇ ಎಂದು ನಾನು ಕುರ್ಚಿಯಲ್ಲಿ ಒರಗಿದೆ. ಹೆಂಡತಿ ಇನ್ನೇನು ಫೋನು ಇಡಬೇಕು, ಅವ್ವ ಅದರ ಹತ್ತಿರ ಬಗ್ಗಿದಳು.

"ಸಾಹೇಬ್ರ, ಹಂಗಾರ ಬೇಕು ಬೇಕು ಅನ್ನೋದು ಅವನ ತಲ್ಯಾಗ ಇತ್ತೇನ್ರಿ?"

"ಹೌದಮ್ಮ."

"ಆ ತಲಿ ಏನಾತ್ರಿ?"

"ಅದು ಹೋಯ್ತಮ್ಮ. ಅವರ ಮನೆಯವರು ಮಣ್ಣು ಮಾಡಿರ್ತಾರೆ."

ಫೋನು ನಿಂತಿತು. ಅವ್ವ ಚಮಚದಲ್ಲಿದ್ದುದನ್ನು ಗಿಂಡಿಗೆ ಸುರಿದುಕೊಂಡಳು. ಹೆಂಡತಿ, "ಕೊಡ್ರಿ ಅತ್ತಿ, ನಾ ಗಟಾರಕ್ಕ ಚೆಲ್ಲಿ ಬರ್ತೀನಿ" ಎಂದು ಕೈ ಚಾಚಿದಳು. ಅವ್ವ ಕೊಡಲಿಲ್ಲ. ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ನಡೆದಳು. ನಾವಿಬ್ಬರೂ ಹಿಂದೆ ಹೋದೆವು. ನಾನು ಮಣ್ಣು ತುಳಿಯುವಂತಿಲ್ಲವಾದ್ದರಿಂದ ಹಿಂಬಾಗಿಲಲ್ಲೇ ನಿಂತೆ.

ಗೋಡೆಯ ಬುಡದಲ್ಲಿ ಅವಳು ಕುಕ್ಕರಗಾಲಲ್ಲಿ ಕೂತಳು. ಕಸ ಸರಿಸಿ, ಅಂಗೈಯಗಲ ನೆಲವನ್ನು ಕೈಯಿಂದ ನೀಟು ಮಾಡಿದಳು. ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವಷ್ಟು ನಿಧಾನವಾಗಿ ಗಿಂಡಿಯನ್ನು ಬಗ್ಗಿಸಿದಳು. ನನ್ನ ಹೊಟ್ಟೆಯೊಳಗಿಂದ ಅಳು ಬಂತು. ತಡೆಯಲಿಲ್ಲ, ಅತ್ತುಬಿಟ್ಟೆ.

"ಕುಡಿಯಪ್ಪ," ಎಂದಳು ಅವ್ವ ನೆಲಕ್ಕೆ. "ಅವಸರ ಮಾಡಬ್ಯಾಡ, ಹೊಟ್ಟಿ ತುಂಬ ಕುಡಿ. ಇಲ್ಲೆ ನಿನಗ ಯಾರೂ ಬೈಯಂಗಿಲ್ಲ."

ನೆಲ ಪೂರ್ತಿ ಹೀರಿಕೊಳ್ಳುವವರೆಗೂ ಅವಳು ಅಲ್ಲೇ ಕೂತಿದ್ದಳು. ನಾವೂ ಎಬ್ಬಿಸಲಿಲ್ಲ.